ಪಳಗಿಸಿದವರ ಮೇಲಿನ ಋಣ

ಹೈದರಾಲಿ ಕೈ ಹಾಕಿ ಸೋತ ಕೆಲಸಗಳಲ್ಲಿ ಆನೆ ಹಿಡಿಯುವುದೂ ಒಂದು. ಕಾಕನಕೋಟೆಯ ಕಾಡಿನಲ್ಲಿ ಅವನು ಒಂದಿಡೀ ಹಿಂಡನ್ನು ಸುತ್ತುವರಿದು ಕೂಡಿಹಾಕಲು ನೋಡಿದ, ಆಗಲಿಲ್ಲ. ಇನ್ನು ಯಾರಿಂದಲೂ ಇದು ಆಗದು, ಪ್ರಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಕೆತ್ತಿಸಿ ಹೋದ. ಈ ಸಂಗತಿಯನ್ನು ಬರೆದಿಟ್ಟವನು ಜಿ. ಪಿ. ಸ್ಯಾಂಡರ್ಸನ್. ಸುಮಾರು ನೂರು ವರ್ಷಗಳ ತರುವಾಯ ಮೈಸೂರು ಸೀಮೆಯಲ್ಲೇ ಅದೇ ಕೆಲಸಕ್ಕೆ ಇಳಿದು ಗೆದ್ದವನೂ ಅವನೇ.

ಸ್ಯಾಂಡರ್ಸನ್ ಮೈಸೂರಿನ ಕಾಲುವೆ ಇಲಾಖೆಯ ಅಧಿಕಾರಿ. ಕನ್ನಡ ಬಲ್ಲವನು, ಕಾಡು ಸುತ್ತುವ ಹುಚ್ಚಿದ್ದವನು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಆನೆ ಹಿಂಡುಗಳು ಹೊಲ ಹಾಳುಮಾಡುತ್ತಿವೆ, ಅವನ್ನು ಹಿಡಿದು ಪಳಗಿಸಿದರೆ ರೈತರಿಗೆ ಕಾಟವೂ ತಪ್ಪುತ್ತದೆ, ಸರ್ಕಾರಕ್ಕೆ ಆದಾಯವೂ ಆಗುತ್ತದೆ ಎಂದು ಅವನು 1873ರಲ್ಲಿ ಸರ್ಕಾರದ ಮುಂದೆ ಯೋಜನೆ ಇಟ್ಟ. ಆನೆ ಹಿಡಿಯುವುದನ್ನು ತಾನಾಗಲಿ ತನ್ನ ಆಳುಗಳಾಗಲಿ ಅದುವರೆಗೆ ಕಂಡೇ ಇರಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಆದರೂ 1874ರ ಜೂನ್‌ನಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಒಂದು ಹಿಂಡು ಅವನ ಕಂದಕದೊಳಗೆ ಬಂದು ಸೇರಿತು. ಗಂಡು, ಹೆಣ್ಣು, ಹಾಲು ಕುಡಿಯುವ ಮರಿ, ಎಲ್ಲವೂ ಒಟ್ಟಿಗೆ.

ಈ ‘ಒಟ್ಟಿಗೆ’ ಎಂಬುದನ್ನು ಗಮನಿಸಬೇಕು. ಆನೆ ಹಿಡಿಯುವುದು ಈ ನೆಲಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಗಳಿಗೆಂದೇ ಕಾಡು ಮೀಸಲಿಡುವ ಮಾತಿದೆ, ಆನೆ ಲಾಯಕ್ಕೆ ಒಬ್ಬ ಅಧ್ಯಕ್ಷನಿದ್ದಾನೆ. ಹೆಣ್ಣಾನೆಗಳನ್ನು ಮುಂದಿಟ್ಟು ಕಾಡಾನೆಗಳನ್ನು ಆವರಣದೊಳಕ್ಕೆ ಸೆಳೆಯುವ ವಿಧಾನವನ್ನು ಮೆಗಾಸ್ತನೀಸ್ ವರ್ಣಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ ಹಿಡಿಯುವ ಬೇರೆ ಬೇರೆ ಉಪಾಯಗಳು ವಿವರವಾಗಿ ಬರುತ್ತವೆ. ತಲಕಾಡಿನ ಗಂಗರ ಲಾಂಛನವೇ ಆನೆ. ಆ ವಂಶದ ಶಿವಮಾರ ಬರೆದ ‘ಗಜಾಷ್ಟಕ’ ಕನ್ನಡದಲ್ಲಿತ್ತು, ಜನ ಅದನ್ನು ಒನಕೆವಾಡಾಗಿ ಹಾಡುತ್ತಿದ್ದರು ಎಂದು ಶಾಸನದಿಂದ ತಿಳಿಯುತ್ತದೆ. ಕೃತಿ ಮಾತ್ರ ನಮ್ಮ ಕೈಗೆ ಉಳಿದು ಬರಲಿಲ್ಲ. ಭತ್ತ ಕುಟ್ಟುವ ಹೆಂಗಸರ ಬಾಯಲ್ಲಿ ಆನೆಯ ಹಾಡು ಇತ್ತೆಂದರೆ, ಆ ಪ್ರಾಣಿ ಅರಮನೆಗಷ್ಟೇ ಸೇರಿದ್ದಾಗಿರಲಿಲ್ಲ.

ಅರ್ಥಶಾಸ್ತ್ರ ಆನೆ ಹಿಡಿಯಲು ಹೇಳುವಾಗಲೇ ಯಾವುದನ್ನು ಹಿಡಿಯಬಾರದು ಎಂದೂ ಹೇಳುತ್ತದೆ. ಇಪ್ಪತ್ತು ವರ್ಷದ ಆನೆ ಹಿಡಿಯಲು ತಕ್ಕದ್ದು. ಮರಿ, ರೋಗಿ, ಗಬ್ಬದ ಹೆಣ್ಣು, ಹಾಲೂಡುವ ತಾಯಿ ಇವನ್ನು ಮುಟ್ಟಬಾರದು. ಇದರ ಹಿಂದೆ ಬರಿಯ ಕರುಣೆ ಇತ್ತೆಂದು ಹೇಳಲಾಗದು. ರಾಜನಿಗೆ ಬೇಕಾಗಿದ್ದು ಯುದ್ಧಕ್ಕೆ ಒದಗುವ ಆನೆ; ಮರಿಯನ್ನು ಹಿಡಿದು ವರ್ಷಗಟ್ಟಲೆ ಸಾಕುವುದು ದಂಡ, ತಾಯಿಯನ್ನು ಹಿಡಿದರೆ ಮುಂದಿನ ಪೀಳಿಗೆಯೇ ಇಲ್ಲ. ಆದರೆ ಲೆಕ್ಕಾಚಾರದಿಂದಲೇ ಹುಟ್ಟಿದ್ದರೂ ಅದೊಂದು ಎಲ್ಲೆಯಾಗಿತ್ತು. ಹಿಂಡನ್ನೇ ಸುತ್ತುವರಿದು ಕೂಡಿಹಾಕುವ ಖೆಡ್ಡಾ ಪದ್ಧತಿ ಆ ಎಲ್ಲೆಯನ್ನು ಅಳಿಸಿಹಾಕಿತು. ಇಡೀ ಕುಟುಂಬವನ್ನೇ ಒಳಗೆ ತಂದು, ಆಮೇಲೆ ಆರಿಸುವುದು ಅದರ ರೀತಿ.

ಸ್ಯಾಂಡರ್ಸನ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ಆಗ ದಕ್ಷಿಣದಲ್ಲಿ ರೂಢಿಯಲ್ಲಿದ್ದದ್ದು ಗುಂಡಿ ತೋಡಿ ಮೇಲೆ ಸೊಪ್ಪು ಮುಚ್ಚುವ ಪದ್ಧತಿ. ಬಿದ್ದ ಆನೆಗಳ ಕಾಲು ಮುರಿಯುತ್ತಿತ್ತು, ಎಷ್ಟೋ ಆನೆಗಳು ಗುಂಡಿಯಲ್ಲೇ ಸಾಯುತ್ತಿದ್ದವು. ಅದನ್ನು ಅವನು ಕ್ರೂರವೆಂದು ಖಂಡಿಸಿದ. ಅವನ ಕಣ್ಣಿಗೆ ಖೆಡ್ಡಾ ಸುಧಾರಣೆಯೇ. ಗುಂಡಿಗೆ ಹೋಲಿಸಿದರೆ ಹೌದು. ಪ್ರಾಣಿಗಳನ್ನು ಕುರಿತ ಚರಿತ್ರೆಯಲ್ಲಿ ಒಂದು ಹಿಂಸೆ ಹೋಗುವುದು ಬಹಳ ಸಲ ಹೀಗೆಯೇ: ಅದಕ್ಕಿಂತ ಸ್ವಲ್ಪ ಮೆತ್ತಗಿನದೊಂದು ಅದರ ಜಾಗಕ್ಕೆ ಬರುತ್ತದೆ, ಆ ಮೆತ್ತಗಿನದನ್ನು ಪ್ರಶ್ನಿಸಲು ಇನ್ನೂ ನೂರು ವರ್ಷ ಬೇಕಾಗುತ್ತದೆ.

ಕೂಡಿಹಾಕುವುದು ಅರ್ಧ ಕೆಲಸ. ಆನೆಯನ್ನು ಆನೆಯೇ ಕಟ್ಟಬೇಕು. ಪಳಗಿದ ಕುಮ್ಕಿ ಆನೆಗಳು ಮಾವುತರನ್ನು ಹೊತ್ತು ಒಳಗೆ ನುಗ್ಗಿ, ಆರಿಸಿದ ಕಾಡಾನೆಯನ್ನು ಎರಡೂ ಪಕ್ಕದಿಂದ ಒತ್ತರಿಸಿ ನಿಲ್ಲುತ್ತಿದ್ದವು. ಆಗ ಕುರುಬರ ಆಳು ಕುಮ್ಕಿಯ ಹೊಟ್ಟೆಯಡಿಯಿಂದ ನುಸುಳಿ ಕಾಡಾನೆಯ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದ. ಒಂದು ಒದೆ ಬಿದ್ದರೆ ಅವನ ಕತೆ ಮುಗಿಯಿತು. ಸ್ಯಾಂಡರ್ಸನ್‌ನ ಹೆಸರು ಪುಸ್ತಕಗಳಲ್ಲಿ ಉಳಿದಿದೆ; ಆ ಹೊಟ್ಟೆಯಡಿಗೆ ಹೋದವರ ಹೆಸರು ಎಲ್ಲಿಯೂ ಇಲ್ಲ. ಆನೆಯ ಬಗ್ಗೆ ಕನಿಕರ ತೋರುವ ಬರಹಗಳು ಈ ಜನರನ್ನು ಮರೆಯುವುದು ಇಂದಿಗೂ ನಡೆದಿದೆ. ಕಾಡಿನ ಜ್ಞಾನವೆಲ್ಲ ಅವರದು, ಅಪಾಯವೆಲ್ಲ ಅವರದು, ಕೂಲಿ ಮಾತ್ರ ಕಡಿಮೆ.

ಕಟ್ಟಿದ ಆನೆಯನ್ನು ಎಳೆದು ತಂದು ಮರಕ್ಕೆ ಬಿಗಿಯುತ್ತಿದ್ದರು. ಅದು ದಿನಗಟ್ಟಲೆ ಹಗ್ಗದೊಡನೆ ಹೋರಾಡುತ್ತಿತ್ತು. ಹಗ್ಗ ಉಜ್ಜಿದ ಕಡೆ ಚರ್ಮ ಸುಲಿದು ಹುಣ್ಣಾಗುತ್ತಿತ್ತು, ಹುಣ್ಣಿಗೆ ಹುಳು ಬೀಳುತ್ತಿತ್ತು. ಎಷ್ಟೋ ಆನೆಗಳು ಅದರಿಂದಲೇ ಸತ್ತವು. ತಾಯಿಯಿಂದ ಬೇರೆಯಾದ ಮರಿಗಳು ಬೇಗ ಸಾಯುತ್ತಿದ್ದವು. ಉಳಿದವುಗಳ ಹತ್ತಿರ ಒಬ್ಬನೇ ಮನುಷ್ಯ ದಿನವೂ ಹೋಗಿ ನಿಲ್ಲುತ್ತಾನೆ, ಮಾತಾಡುತ್ತಾನೆ, ಸೋಗೆ, ಕಬ್ಬು, ನೀರು ಕೊಡುತ್ತಾನೆ. ಹಸಿವು, ಒಂಟಿತನ, ನಿದ್ದೆಗೇಡು ಒಂದು ಕಡೆ. ಆ ಒಬ್ಬನ ಕೈ ಇನ್ನೊಂದು ಕಡೆ. ಕೆಲವೇ ವಾರಗಳಲ್ಲಿ ಆನೆ ಆ ಕೈಯನ್ನು ಒಪ್ಪಿಕೊಳ್ಳುತ್ತದೆ. ಈಗ ಶಿಬಿರಗಳಲ್ಲಿ ಮರಕ್ಕೆ ಕಟ್ಟುವ ಬದಲು ದಪ್ಪ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿಹಾಕುತ್ತಾರೆ, ಪಶುವೈದ್ಯರು ಇರುತ್ತಾರೆ, ಗಾಯ ಕಡಿಮೆ. ಒಳಗಿನ ತತ್ತ್ವ ಬದಲಾಗಿಲ್ಲ.

ಆನೆಯ ದೊಡ್ಡ ಗುಣಗಳೆಂದರೆ ವಿಧೇಯತೆ, ಸೌಮ್ಯತೆ, ತಾಳ್ಮೆ ಎಂಬುದು ಸ್ಯಾಂಡರ್ಸನ್‌ನ ಅನುಭವ. ಸುಳ್ಳೇನಲ್ಲ. ನೂರಾರು ಆನೆಗಳನ್ನು ಕಂಡವನ ಮಾತು ಅದು. ಆದರೆ ಆ ವಿಧೇಯತೆಯನ್ನು ಒಪ್ಪಿಗೆಯೆಂದು ತಿಳಿದದ್ದರಿಂದ ಮುಂದಿನದೆಲ್ಲ ತಪ್ಪಿತು. ಬೇರೆ ದಾರಿಯಿಲ್ಲವೆಂದು ಕಲಿತ ಪ್ರಾಣಿ ಬಗ್ಗಿ ಕೂರುತ್ತದೆ. ಕೂತದ್ದನ್ನು ಕಂಡವರು ಅದಕ್ಕೂ ಇಷ್ಟವಿದೆ ಎಂದುಕೊಳ್ಳುತ್ತಾರೆ.

1890ರ ದಶಕದಿಂದ ಖೆಡ್ಡಾದ ಕೇಂದ್ರ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಗೆ ಬಂತು. ಇಲ್ಲಿ ಕಪಿಲೆಯ ದಡ, ಗೊಂಡಾರಣ್ಯ, ಹಿಂಡು ಹಿಂಡು ಆನೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಓದಿದವರಿಗೆ ಈ ಕಾಡು, ಇಲ್ಲಿನ ಕುರುಬರು ಪರಿಚಿತರೇ. ನೂರಾರು ಮಂದಿ ತಮಟೆ ಬಡಿಯುತ್ತ, ಬೆಂಕಿ ಹಿಡಿದು, ವಾರಗಟ್ಟಲೆ ಕಾಡಿನಲ್ಲಿ ಹಿಂಡನ್ನು ಅಟ್ಟಿಕೊಂಡು ಬಂದು ಹೊಳೆಗೆ ಇಳಿಸುತ್ತಿದ್ದರು. ಆನೆಗಳು ಮರಿಗಳನ್ನು ಸೊಂಡಿಲಿನಿಂದ ಆತುಕೊಂಡು ಈಜಿ ಆಚೆ ದಡ ಹತ್ತುವ ಹೊತ್ತಿಗೆ ಅಲ್ಲಿ ಬೇಲಿಯ ಬಾಗಿಲು ತೆರೆದು ಕಾದಿರುತ್ತಿತ್ತು. ಈ ಕಡೆಯ ದಡದಲ್ಲಿ ನೆರಳು ಮಾಡಿ ಅತಿಥಿಗಳನ್ನು ಕೂರಿಸುತ್ತಿದ್ದರು.

ಹೀಗೆ ಹಿಡಿಯುವ ಕೆಲಸವೇ ಒಂದು ಪ್ರದರ್ಶನವಾಯಿತು. ಮುಂದೆ ಐದನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರ 1906ರಲ್ಲಿ ಖೆಡ್ಡಾ ನೋಡಲು ಬಂದ. ಅವನ ಮಗ ಎಡ್ವರ್ಡ್ 1922ರಲ್ಲಿ ಬಂದ. ವೈಸರಾಯ್‌ಗಳಿಗೆಂದು ಕಾರಾಪುರದಲ್ಲಿ ಬಂಗಲೆ ಎದ್ದಿತು. ಇಂದು ಪ್ರವಾಸಿಗರು ಜೀಪು ಹತ್ತಿ ಆನೆ ನೋಡಲು ಹೊರಡುವುದು ಅದೇ ಕಾರಾಪುರದಿಂದ. ಹೊಲ ಉಳಿಸುವುದಕ್ಕೆಂದು ಶುರುವಾದ ಕೆಲಸ ಆಗ ದೊಡ್ಡ ಅತಿಥಿ ಯಾವಾಗ ಬರುತ್ತಾನೆ ಎಂಬುದನ್ನು ನೋಡಿಕೊಂಡು ನಡೆಯತೊಡಗಿತು. ಮೈಸೂರು ಸಂಸ್ಥಾನದ ಆಡಳಿತ ಬಹಳ ವಿಷಯಗಳಲ್ಲಿ ಮಾದರಿಯಾದದ್ದು, ಅದರ ಬಗ್ಗೆ ಕನ್ನಡಿಗರ ಅಭಿಮಾನ ಸಹಜ. ಆ ಅಭಿಮಾನದ ನಡುವೆಯೇ ಇದನ್ನೂ ಹೇಳಬೇಕು: ಸಾಮ್ರಾಜ್ಯದ ಮುಂದೆ ಸಂಸ್ಥಾನದ ಗೌರವ ತೋರಿಸುವುದಕ್ಕೆ ಕಾಡಿನ ಕುಟುಂಬಗಳನ್ನು ಒಡೆಯಲಾಯಿತು.

ಅಲ್ಲಿಗೆ ಸಿನಿಮಾದ ಕ್ಯಾಮೆರಾ ಬರುವುದು ಹೆಚ್ಚು ತಡವಾಗಲಿಲ್ಲ. ಕಿಪ್ಲಿಂಗ್‌ನ ‘ಟೂಮಾಯ್ ಆಫ್ ದಿ ಎಲಿಫೆಂಟ್ಸ್’ ಕತೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಸ್ಯಾಂಡರ್ಸನ್‌ನೇ ಮೂಲ ಎನ್ನುತ್ತಾರೆ. ಆ ಕತೆಯನ್ನು ‘ಎಲಿಫೆಂಟ್ ಬಾಯ್’ ಎಂದು ಚಿತ್ರ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೇ ಬಂದರು. ನಾಯಕನ ಪಾತ್ರಕ್ಕೆ ಸಿಕ್ಕಿದವನು ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ ಸಾಬು. ಕಾಲಾ ನಾಗ್ ಎಂಬ ಆನೆಯಾಗಿ ನಟಿಸಿದ್ದು ಅರಮನೆಯ ಐರಾವತ. ಚಿತ್ರ 1937ರಲ್ಲಿ ತೆರೆ ಕಂಡಿತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಸಾಬು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್‌ಗೆ ಹೋದ. ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಲ್ಲಿ ಮೆರೆದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ದುಡಿದ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 1963ರಲ್ಲಿ ತೀರಿಕೊಂಡ. ಹುಡುಗನಿಗೂ ಆನೆಗೂ ಬಿಡಲಾರದ ಗೆಳೆತನ ಎಂಬ ಚಿತ್ರ ಜಗತ್ತಿನ ಮನಸ್ಸಿನಲ್ಲಿ ನೆಲೆ ನಿಂತದ್ದು ಆ ಸಿನಿಮಾದಿಂದ. ಅದು ಪೂರ್ತಿ ಕಟ್ಟುಕತೆಯೂ ಅಲ್ಲ. ಮಾವುತರ ಮಕ್ಕಳು ಆನೆಯ ಕಾಲ ಬುಡದಲ್ಲೇ ಆಡಿ ಬೆಳೆಯುತ್ತಾರೆ, ಆನೆ ಸತ್ತರೆ ಮನೆಯವರು ಸತ್ತಂತೆ ಅಳುತ್ತಾರೆ. ಪಳಗಿಸುವುದರಲ್ಲಿ ಹಿಂಸೆಯಿದೆ, ಪಳಗಿದ ಮೇಲೆ ಪ್ರೀತಿಯೂ ಇದೆ. ಎರಡೂ ನಿಜವಾಗಿರುವುದೇ ಈ ವಿಷಯದ ಕಷ್ಟ.

ಪ್ರದರ್ಶನದ ಪ್ರಾಣಿಗೆ ಏನಾಗಬಹುದು ಎಂಬುದನ್ನು ತಿಳಿಯಲು ಮೈಸೂರಿನಿಂದ ಬಲು ದೂರದ ಒಂದು ಊರಿಗೆ ಹೋಗಬೇಕು. ಟೋಕಿಯೊದ ಉಯೆನೊ ಮೃಗಾಲಯದಲ್ಲಿ 1943ರಲ್ಲಿ ಜಾನ್, ಟೋಂಕಿ, ವಾನ್ರಿ ಎಂಬ ಮೂರು ಆನೆಗಳಿದ್ದವು. ಆಟಗಳನ್ನು ಕಲಿತಿದ್ದ, ಮಕ್ಕಳಿಗೆ ಬಲು ಪ್ರಿಯವಾದ ಆನೆಗಳು. ಆ ವರ್ಷದ ಆಗಸ್ಟ್‌ನಲ್ಲಿ ನಗರದ ಗವರ್ನರ್‌ನಿಂದ ಆಜ್ಞೆ ಬಂತು: ಬಾಂಬ್ ಬಿದ್ದು ಬೋನು ಒಡೆದರೆ ಅಪಾಯ, ದೊಡ್ಡ ಪ್ರಾಣಿಗಳನ್ನು ಕೊಲ್ಲಿ. ಆಗಿನ್ನೂ ಟೋಕಿಯೊ ಮೇಲೆ ದೊಡ್ಡ ದಾಳಿ ಶುರುವಾಗಿರಲಿಲ್ಲ. ಅದಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. ಯುದ್ಧ ಗಂಭೀರವಾಗಿದೆ ಎಂದು ಜನರ ಮನಸ್ಸಿಗೆ ನಾಟಿಸುವುದೇ ಉದ್ದೇಶವಾಗಿತ್ತು ಎಂದು ಚರಿತ್ರಕಾರರು ಹೇಳುತ್ತಾರೆ. ಸಿಂಹ, ಚಿರತೆ, ಕರಡಿಗಳು ವಿಷಕ್ಕೆ ಸತ್ತವು. ಆನೆ ವಿಷ ಬೆರೆತ ಆಲೂಗಡ್ಡೆಯನ್ನು ತಿನ್ನಲಿಲ್ಲ. ಕೊನೆಗೆ ಮೂರನ್ನೂ ಉಪವಾಸ ಕೆಡವಿದರು. ಕಾವಲಿನವರು ಹತ್ತಿರ ಸುಳಿದಾಗಲೆಲ್ಲ ಅವು ಕಲಿತ ಆಟವನ್ನು ಆಡಿ ತೋರಿಸುತ್ತಿದ್ದವು ಎಂಬ ಮಾತು ಆ ಮೃಗಾಲಯದ ಕಥನದಲ್ಲಿ ಬರುತ್ತದೆ. ಆಟ ಆಡಿದರೆ ತಿನ್ನಲು ಸಿಗುತ್ತದೆ ಎಂದು ಕಲಿಸಿದವರು ಅವರೇ ಆಗಿದ್ದರು. ಸತ್ತ ಪ್ರಾಣಿಗಳ ಸ್ಮರಣೆಗೆಂದು ಸೆಪ್ಟೆಂಬರ್ 4ರಂದು ಸಭೆ ನಡೆದಾಗ, ಎರಡು ಆನೆಗಳು ಪರದೆಯ ಹಿಂದೆ ಇನ್ನೂ ಜೀವ ಹಿಡಿದುಕೊಂಡಿದ್ದವು. ಟೋಂಕಿ ಸೆಪ್ಟೆಂಬರ್ 23ರವರೆಗೆ ಬದುಕಿತ್ತು.

ಯುದ್ಧ ಮುಗಿದು, ಆನೆಯನ್ನೇ ಕಾಣದೆ ಬೆಳೆದ ಟೋಕಿಯೊದ ಮಕ್ಕಳು ತಮಗೊಂದು ಆನೆ ಬೇಕೆಂದು ನೆಹರೂ ಅವರಿಗೆ ಪತ್ರಗಳನ್ನೂ ಚಿತ್ರಗಳನ್ನೂ ಕಳಿಸಿದರು. ನೆಹರೂ ಕಳಿಸಿದ್ದು ಮೈಸೂರು ಸೀಮೆಯ ಆನೆ. ಹದಿನೈದು ವರ್ಷದ, ದಿಮ್ಮಿ ಎಳೆಯುವ ಕೆಲಸದಲ್ಲಿದ್ದ ಹೆಣ್ಣು. ಹೆಸರು ಇಂದಿರಾ, ಅವರ ಮಗಳದ್ದೇ. ಆನೆ 1949ರ ಸೆಪ್ಟೆಂಬರ್ ಕೊನೆಯಲ್ಲಿ ಹಡಗಿನಿಂದ ಇಳಿದು ಉಯೆನೊ ಸೇರಿತು. ಅಕ್ಟೋಬರ್ 1ರಂದು ಪ್ರಧಾನಿ ಯೋಶಿದಾ ಅವರ ಸಮ್ಮುಖದಲ್ಲಿ ಹಸ್ತಾಂತರ ನಡೆಯಿತು. ಒಂದು ತೊಡಕು ಮಾತ್ರ ಬಂತು: ಇಂದಿರಾಗೆ ತಿಳಿಯುತ್ತಿದ್ದದ್ದು ಕನ್ನಡ. ಜೊತೆಯಲ್ಲಿ ಹೋಗಿದ್ದ ಮಾವುತರು ಸುಮಾರು ಎರಡು ತಿಂಗಳು ಅಲ್ಲೇ ಉಳಿದು ಜಪಾನಿ ಪಾಲಕರಿಗೆ ಆ ಮಾತುಗಳನ್ನು ಕಲಿಸಿಕೊಟ್ಟರು. ಮರುವರ್ಷ ಇಂದಿರಾಳನ್ನು ಜಪಾನಿನ ಊರೂರುಗಳಿಗೆ ಕರೆದೊಯ್ದು ತೋರಿಸಿದರು. ಲಕ್ಷಾಂತರ ಜನ ಬಂದು ನೋಡಿದರು. 1983ರಲ್ಲಿ ಸಾಯುವವರೆಗೂ ಅದು ಆ ಮೃಗಾಲಯದಲ್ಲೇ ಇತ್ತು.

ಇಂದಿರಾಳ ಕತೆಯನ್ನು ಎರಡು ದೇಶಗಳ ಸ್ನೇಹದ ಕತೆಯೆಂದೇ ಹೇಳುವುದು ವಾಡಿಕೆ. ಸೋತು ಬಡವಾಗಿದ್ದ ದೇಶದ ಮಕ್ಕಳಿಗೆ ಅದು ಕೊಟ್ಟ ಸಂತೋಷ ಸಣ್ಣದಲ್ಲ. ಹಿಂಡಿನಲ್ಲಿ ತಾಯಿ, ಅಜ್ಜಿ, ಅಕ್ಕತಂಗಿಯರೊಂದಿಗೆ ಬಾಳಬೇಕಾದ ಹೆಣ್ಣಾನೆಯೊಂದು ಮೂವತ್ತನಾಲ್ಕು ವರ್ಷ ಪರದೇಶದ ಆವರಣದಲ್ಲಿ ಕಳೆಯಿತು ಎಂಬುದೂ ಅದೇ ಕತೆಯ ಭಾಗ. ಅದನ್ನು ಆಗ ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಾಗಿರಲಿಲ್ಲ. ಈಗ ಕೇಳಬಹುದು. 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ಸುರೇಶ್, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಎಳೆಯ ಆನೆಗಳು ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಹೋದವು. ಬದಲಿಗೆ ಬೇರೆ ಪ್ರಾಣಿಗಳು ಬರಬೇಕೆಂಬ ವಿನಿಮಯ ಅದು. ಈ ಸಲ ನಾಲ್ಕು ಒಟ್ಟಿಗೆ ಹೋದವು, ಅಲ್ಲಿನ ಪಾಲಕರು ಮೊದಲೇ ಇಲ್ಲಿಗೆ ಬಂದು ಕಲಿತು ಹೋಗಿದ್ದರು. ಅಷ್ಟರ ಮಟ್ಟಿಗೆ ತಿಳಿವಳಿಕೆ ಬೆಳೆದಿದೆ. ಆನೆಗಳನ್ನು ಕಳಿಸಬೇಕೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಸ್ವಾತಂತ್ರ್ಯದ ನಂತರವೂ ಕಾಕನಕೋಟೆಯಲ್ಲಿ ಖೆಡ್ಡಾಗಳು ನಡೆದವು. ಕೊನೆಯದು 1971ರಲ್ಲಿ. ಅಲ್ಲಿಯವರೆಗೆ ಮೂವತ್ತಾರು ಖೆಡ್ಡಾಗಳಲ್ಲಿ ಸಾವಿರದ ಒಂಬೈನೂರಕ್ಕೂ ಹೆಚ್ಚು ಆನೆಗಳು ಸೆರೆಯಾದವೆಂಬ ಲೆಕ್ಕವಿದೆ. ಪಳಗಿದವು ಸುಮಾರು ಸಾವಿರದ ಐನೂರು. ಅವು ಅರಣ್ಯ ಇಲಾಖೆಗೆ, ಅರಮನೆಗೆ, ದೇವಸ್ಥಾನಗಳಿಗೆ, ಸರ್ಕಸ್ಸುಗಳಿಗೆ, ಮೃಗಾಲಯಗಳಿಗೆ ಹಂಚಿಹೋದವು. ಉಳಿದವುಗಳಲ್ಲಿ ಕೆಲವು ಕಾಡಿಗೆ ಮರಳಿದವು, ಕೆಲವು ಹಗ್ಗದಲ್ಲೇ ಸತ್ತವು. ಆಮೇಲೆ ಕಬಿನಿ ಅಣೆಕಟ್ಟಿನ ಹಿನ್ನೀರು ಖೆಡ್ಡಾದ ನೆಲವನ್ನೂ ಮುಳುಗಿಸಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1977ರಲ್ಲಿ ಆನೆ ಅದರ ಮೊದಲನೆಯ ಪಟ್ಟಿಗೆ ಸೇರಿತು.

ಕಾನೂನಿನ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಪ್ರದರ್ಶನಕ್ಕೆ ಪ್ರಾಣಿ ಪಳಗಿಸುವುದನ್ನು ನೋಂದಣಿಯ ಅಡಿ ತಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರ ಹಿಂದೆ ನಿಂತವರು ನೃತ್ಯಗಾತಿ ರುಕ್ಮಿಣೀದೇವಿ ಅರುಂಡೇಲ್. ರಾಜ್ಯಸಭೆಯಲ್ಲಿ ಅವರು ತಂದ ಖಾಸಗಿ ಮಸೂದೆಯೇ ಇದಕ್ಕೆ ನಾಂದಿ. 1998ರ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿತು. ಸರ್ಕಸ್ ಮಾಲೀಕರು ಕೇರಳ ಹೈಕೋರ್ಟಿಗೆ ಹೋಗಿ ಸೋತರು. 2001ರಲ್ಲಿ ಸುಪ್ರೀಂ ಕೋರ್ಟೂ ನಿಷೇಧವನ್ನು ಎತ್ತಿಹಿಡಿಯಿತು. ಸರ್ಕಸ್ಸಿನ ಸಿಂಹ, ಹುಲಿಗಳು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೂ ಬಂದವು. ನಿಷೇಧದ ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. ದೇವಸ್ಥಾನ, ಉತ್ಸವ, ಮೆರವಣಿಗೆಗಳೊಂದಿಗೆ ಆನೆ ಎಷ್ಟು ಬೆಸೆದುಹೋಗಿದೆಯೆಂದರೆ, ಅದನ್ನು ಸೇರಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ.

ಇನ್ನು ದಸರಾ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಹಬ್ಬ ಇದು. ರಾಜಧನ ರದ್ದಾದ ಮೇಲೆ ಅಂಬಾರಿಯಲ್ಲಿ ಮಹಾರಾಜರ ಬದಲು ಚಾಮುಂಡೇಶ್ವರಿಯ ವಿಗ್ರಹ ಕೂತಿತು, ಆನೆಗಳು ಅರಣ್ಯ ಇಲಾಖೆಯ ಶಿಬಿರಗಳಿಂದ ಬರತೊಡಗಿದವು. ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣ ಹೊರಡಿಸುತ್ತಾರೆ. ಮಾವುತ, ಕಾವಾಡಿ ಕುಟುಂಬಗಳು ಅರಮನೆ ಆವರಣದಲ್ಲಿ ಬಿಡಾರ ಹೂಡುತ್ತವೆ, ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ತಾಲೀಮು ಶುರುವಾಗುತ್ತದೆ. ಬೆನ್ನಿನ ಮೇಲೆ ಗಾದಿ, ನಮ್ದಾ ಬಿಗಿದು ಮರಳಿನ ಮೂಟೆ ಹೊರಿಸುತ್ತಾರೆ. ದಿನಕಳೆದಂತೆ ತೂಕ ಏರುತ್ತದೆ, ಆಮೇಲೆ ಮರದ ಅಂಬಾರಿ. ಸದ್ದಿಗೆ ಬೆದರದಿರಲೆಂದು ಕುಶಾಲತೋಪು ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ವಿಜಯದಶಮಿಯಂದು 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತು, ಲಕ್ಷಾಂತರ ಜನರ ನಡುವೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ನಡಿಗೆ.

ನ್ಯಾಯವಾಗಿ ನೋಡಿದರೆ, ದೇಶದ ಸೆರೆಯಾನೆಗಳಲ್ಲಿ ನಮ್ಮ ಶಿಬಿರದ ಆನೆಗಳ ಪಾಡು ಎಷ್ಟೋ ವಾಸಿ. ಸಿಮೆಂಟು ನೆಲದ ಮೇಲೆ ವರ್ಷವಿಡೀ ನಿಂತ ದೇವಸ್ಥಾನದ ಆನೆಗೆ ಸಿಗದ್ದು ಇವಕ್ಕೆ ಸಿಗುತ್ತದೆ: ರಾತ್ರಿ ಕಾಡಿನಲ್ಲಿ ಮೇಯಬಹುದು, ಬೇರೆ ಆನೆಗಳೊಂದಿಗೆ ಬೆರೆಯಬಹುದು. ಮಾವುತರು ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ. ಆದರೆ ಈ ಆನೆಗಳನ್ನು ದಸರೆಯ ಕೆಲವು ವಾರಗಳಿಂದಷ್ಟೇ ಅಳೆಯುವಂತಿಲ್ಲ. ಅವುಗಳ ಇಡೀ ಬಾಳನ್ನು ನೋಡಬೇಕು. ಹದಿನೆಂಟು ವರ್ಷ ಅಂಬಾರಿ ಹೊತ್ತ ದ್ರೋಣ 1998ರಲ್ಲಿ ಕಾಡಿನಲ್ಲಿ ಮೇಯುವಾಗ ವಿದ್ಯುತ್ ತಂತಿ ತಗುಲಿ ಸತ್ತಿತು. ಅದರ ತರುವಾಯ ಬಲರಾಮ ಹದಿನಾಲ್ಕು ಸಲ ಹೊತ್ತಿತು. ಖೆಡ್ಡಾ ನಿಂತ ಮೇಲೆ ಹೊಸ ಆನೆಗಳು ಬರುವ ದಾರಿಯೂ ಬದಲಾಯಿತು. ಕಾಫಿ ತೋಟ, ಗದ್ದೆಗಳಿಗೆ ಇಳಿದು ಜನರೊಂದಿಗೆ ಸಂಘರ್ಷಕ್ಕೆ ಬಿದ್ದ ಕಾಡಾನೆಗಳನ್ನು ಹಿಡಿದು ಕ್ರಾಲ್‌ಗೆ ಹಾಕುತ್ತಾರೆ. ಅವುಗಳಲ್ಲಿ ಸೌಮ್ಯವೆನಿಸಿದವು ಕೆಲವೇ ವರ್ಷಗಳಲ್ಲಿ ಮೈಸೂರಿನ ರಸ್ತೆಯಲ್ಲಿ ನಡೆಯುತ್ತವೆ. ಹಾಸನ ಜಿಲ್ಲೆಯ ಕಾಡಂಚಿನಲ್ಲಿ ಸೆರೆಸಿಕ್ಕ ಧನಂಜಯ, ಕಂಜನ್ ಹಾಗೆ ಬಂದವು. 2024ರ ಸೆಪ್ಟೆಂಬರ್‌ನ ಒಂದು ರಾತ್ರಿ ಅವೆರಡೂ ಕಾದಾಡಿ, ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಅರಮನೆಯ ಬಾಗಿಲು ದಾಟಿ ರಸ್ತೆಗೇ ಬಂದವು. ಮಾವುತರು ಪ್ರಾಣದ ಹಂಗು ತೊರೆದು ಹಿಡಿದು ತಂದರು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ.

ಅರ್ಜುನನ ಕತೆ ಹೇಳದೆ ಈ ಚರಿತ್ರೆ ಮುಗಿಯದು. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸೆರೆಯಾದ ಆನೆ ಅದು. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತಿತು. ಅರವತ್ತು ದಾಟಿದ ಆನೆಯ ಮೇಲೆ ಭಾರ ಹೊರಿಸಬಾರದೆಂಬ ನಿಯಮದಂತೆ 2020ರಲ್ಲಿ ಅದನ್ನು ಅಂಬಾರಿಯಿಂದ ಬಿಡುಗಡೆ ಮಾಡಿ, ಅಭಿಮನ್ಯುವಿಗೆ ಆ ಹೊಣೆ ಕೊಟ್ಟರು. ಒಳ್ಳೆಯ ನಿರ್ಧಾರ. ಆದರೆ ಕಾಡಾನೆ ಹಿಡಿಯುವ ಕೆಲಸದಿಂದ ಅದಕ್ಕೆ ಬಿಡುಗಡೆ ಸಿಗಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಮದವೇರಿದ ಕಾಡಾನೆಯೊಂದು ಅರ್ಜುನನ ಮೇಲೆ ಎರಗಿತು. ಹರೆಯದ ಒಂಟಿಸಲಗದ ಎದುರು ಮುದಿ ಆನೆ ಎಷ್ಟು ಹೊತ್ತು ನಿಂತೀತು? ಅಲ್ಲಿಯೇ ಬಿದ್ದು ಸತ್ತಿತು, ಅಲ್ಲಿಯೇ ಮಣ್ಣು ಮಾಡಿದರು. ರಾಜ್ಯವೆಲ್ಲ ಮರುಗಿತು. ಸ್ಮಾರಕ ಬೇಕೆಂಬ ಕೂಗೆದ್ದಿತು. ಮಾವುತರ ಗೋಳು ನೋಡಿದವರ ಕರುಳು ಕಿವುಚಿತು.

750 ಕಿಲೋ ಹೊರಲಾರದಷ್ಟು ವಯಸ್ಸಾಗಿದೆ ಎಂದು ಒಪ್ಪಿದವರೇ ಅದನ್ನು ಮದಗಜದ ಎದುರು ನಿಲ್ಲಿಸಿದರು. ಮೆರವಣಿಗೆಯಲ್ಲಿ ಲಕ್ಷ ಕಣ್ಣುಗಳು ನೋಡುತ್ತಿರುವುದರಿಂದ ಅಲ್ಲಿ ನಿಯಮ ಪಾಲನೆಯಾಗುತ್ತದೆ, ಕಾಡಿನೊಳಗೆ ನೋಡುವವರಿಲ್ಲ. ಪ್ರದರ್ಶನದ ಪ್ರಾಣಿಗಳ ವಿಷಯದಲ್ಲಿ ನಮ್ಮ ನೈತಿಕತೆ ಬಹುಪಾಲು ಪ್ರದರ್ಶನದ ಹೊತ್ತಿಗಷ್ಟೇ ಎಚ್ಚರವಾಗಿರುತ್ತದೆ. ಜಂಬೂಸವಾರಿ ಬೇಕೇ ಬೇಡವೇ ಎಂದು ವರ್ಷಕ್ಕೊಮ್ಮೆ ಜಗಳವಾಡುವವರು, ಉಳಿದ ಹತ್ತು ತಿಂಗಳು ಆ ಆನೆ ಎಲ್ಲಿತ್ತು, ಯಾವ ಕೆಲಸದಲ್ಲಿತ್ತು, ಅದರ ಮಾವುತನಿಗೆ ಸಂಬಳ, ಮನೆ, ವಿಮೆ ಇದೆಯೇ ಎಂದು ಕೇಳುವುದು ಅಪರೂಪ.

ಬದಲಾವಣೆ ಅಸಾಧ್ಯವೇನಲ್ಲ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ದೇವಸ್ಥಾನಕ್ಕೆ 2024ರ ಕೊನೆಯಲ್ಲಿ ಯಾಂತ್ರಿಕ ಆನೆ ಬಂತು. ಭಕ್ತಿಗೆ ಅದರಿಂದ ಕೊರತೆಯೇನೂ ಆಗಲಿಲ್ಲ. ದಸರೆಗೂ ಯಂತ್ರವೇ ಬರಲಿ ಎಂದು ಈ ಲೇಖನ ವಾದಿಸುವುದಿಲ್ಲ. ಈಗಾಗಲೇ ಪಳಗಿರುವ ಆನೆಗಳನ್ನು ಏಕಾಏಕಿ ಕಾಡಿಗೆ ಅಟ್ಟಲಾಗದು. ಅವುಗಳನ್ನೇ ನಂಬಿದ ಕುಟುಂಬಗಳನ್ನು ಬೀದಿಗೆ ಬಿಡಲೂ ಆಗದು. ಆದರೆ ಇಂದು ನಾಳೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ಸಂಘರ್ಷದಲ್ಲಿ ಹಿಡಿದ ಆನೆಯನ್ನು ಮೆರವಣಿಗೆಗೆ ತರುವ ಮೊದಲು ಸಾಕಷ್ಟು ವರ್ಷ ಕಾಯಬೇಕು. ಪ್ರತಿ ಆನೆಯ ವಯಸ್ಸು, ಸೆರೆಯಾದ ವರ್ಷ, ಮಾಡಿದ ಕೆಲಸ, ಆರೋಗ್ಯ ಇವನ್ನು ಅರಣ್ಯ ಇಲಾಖೆ ಸಾರ್ವಜನಿಕರ ಮುಂದಿಡಬೇಕು. ಎಲ್ಲಕ್ಕಿಂತ ಮೊದಲು, ಅರವತ್ತು ದಾಟಿದ ಆನೆಗೆ ಅಂಬಾರಿ ಹೊರಿಸಬಾರದೆಂಬ ನಿಯಮವನ್ನು ಕಾಡಾನೆ ಸೆರೆ ಕಾರ್ಯಾಚರಣೆಗೂ ಅನ್ವಯಿಸಿ, ಅದನ್ನು ಬರವಣಿಗೆಯಲ್ಲಿ, ಮುರಿದವರಿಗೆ ಶಿಕ್ಷೆಯ ಸಮೇತ, ಸರ್ಕಾರ ಹೊರಡಿಸಬೇಕು. ಅರ್ಜುನನಿಗೆ ಸ್ಮಾರಕ ಕೇಳಿದ ಜನ ಈ ಆದೇಶವನ್ನೂ ಅಷ್ಟೇ ಗಟ್ಟಿಯಾಗಿ ಕೇಳಲಿ.